ಮೊಟ್ಟೆಯೊಳಗಿನ ಭ್ರೂಣಕ್ಕೆ ಅರಿವಳಿಕೆ: ನನ್ನ ಅನುಭವ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ನಿಯಂತ್ರಣ ಗುಂಪಿನ, ಅಂದರೆ ಔಷಧ ಕೊಡದೆ ಹೋಲಿಕೆಗೆ ಇಟ್ಟ, ಕೋಳಿಮೊಟ್ಟೆಗಳಲ್ಲಿ ಹತ್ತಕ್ಕೆ ಎಂಟು ಭ್ರೂಣಗಳು ಐದನೆಯ ದಿನ ದಾಟಿದವು. ಒಂದು ಗಂಟೆ ಐಸೊಫ್ಲುರೇನ್ ಎಂಬ ಅರಿವಳಿಕೆಯ ಆವಿ ಕೊಟ್ಟ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಈ ಎರಡು ಸಾಲು ಧೈರ್ಯವಾಗಿ ಬರೆಯಲು ನನಗೆ ನಾಲ್ಕು ವರ್ಷದಷ್ಟು ಸಮಯ ಹಿಡಿಯಿತು. ಆಪರೇಶನ್ ಥಿಯೇಟರಿನಿಂದ ನೇರ ಮೊಟ್ಟೆಪೆಟ್ಟಿಗೆಯ ಹತ್ತಿರ ಓಡುತ್ತಿದ್ದ ನನ್ನನ್ನು ನೋಡಿ ಹಿರಿಯರೊಬ್ಬರು, "ಮೇಡಂ, ಚಿಪ್ಪಿನಲ್ಲಿ ಕಿಟಕಿ ಕೊರೆದ ಮೊಟ್ಟೆಗೆ ಗ್ಯಾಸ್ ಕೊಟ್ಟರೆ ಅದು ಅರಿವಳಿಕೆಯಿಂದ ಸಾಯುವುದಿಲ್ಲ, ನಿಮ್ಮ ಕೈಯಿಂದ ಸಾಯುತ್ತದೆ" ಎಂದಿದ್ದರು. ಅವರ ವಿಭಾಗದ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು ಈಗ ವಾರಕ್ಕೊಮ್ಮೆ ನನ್ನ ಮೇಜಿನ ಬಳಿ ನಿಲ್ಲುತ್ತಾರೆ. ಪದೇ ಪದೇ ಬಾಯಲ್ಲಿ ಹೇಳುವ ಬದಲು ಬರೆದಿಡುತ್ತಿದ್ದೇನೆ.

ಎಂಬಿಬಿಎಸ್ ಮುಗಿಸಿ ಸೀಟಿಗಾಗಿ ಕಾಯುತ್ತಿದ್ದ ಕಾಲದಲ್ಲಿ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಟ್ಯೂಟರ್ ಆಗಿದ್ದೆ. ಭ್ರೂಣಶಾಸ್ತ್ರದ ಪ್ರಾಯೋಗಿಕ ತರಗತಿ ಎಂದರೆ 33 ಗಂಟೆ, 48 ಗಂಟೆಯ ಕೋಳಿಭ್ರೂಣದ ಸ್ಲೈಡುಗಳು. ಇದ್ದವುಗಳ ಬಣ್ಣ ಹೋಗಿತ್ತು. ನಾನೇ ಬೋರಾಕ್ಸ್ ಕಾರ್ಮೈನ್ ಬಣ್ಣ ಹಾಕಿ ಹೊಸ ಸ್ಲೈಡು ಮಾಡಿದೆ. ಆಮೇಲೆ ಅರಿವಳಿಕೆಯಲ್ಲಿ ಎಂಡಿ ಸಿಕ್ಕಿತು. ಇವೆರಡಕ್ಕೂ ಸಂಬಂಧವಿಲ್ಲ ಎಂದು ತಿಳಿದವರು ನವಜಾತ ಶಿಶುವಿಗೆ ಸ್ಪೈನಲ್ (ಬೆನ್ನಿಗೆ ಸೂಜಿ ಚುಚ್ಚಿ ಕೊಡುವ ಅರಿವಳಿಕೆ) ಕೊಟ್ಟಿರುವುದಿಲ್ಲ. ಗರ್ಭದ ಮೂರನೆಯ ತಿಂಗಳಲ್ಲಿ ಬೆನ್ನುಹುರಿ ಬೆನ್ನೆಲುಬಿನ ಕಾಲುವೆಯ ಪೂರ್ತಿ ಉದ್ದಕ್ಕೆ ಇರುತ್ತದೆ, ಹುಟ್ಟುವಾಗ ಅದರ ತುದಿ ಎಲ್3ರ (ಸೊಂಟದ ಮೂರನೆಯ ಕಶೇರುವಿನ) ಮಟ್ಟಕ್ಕೆ ಏರಿರುತ್ತದೆ, ದೊಡ್ಡವರಲ್ಲಿ ಎಲ್1-2ಕ್ಕೆ. ಸೂಜಿ ಹಿಡಿದಾಗ ನನ್ನ ಕಣ್ಣ ಮುಂದೆ ಇರುವುದು ಆ ಏರಿಕೆ. ಶ್ವಾಸನಾಳ ಮತ್ತು ಅನ್ನನಾಳದ ನಡುವೆ ರಂಧ್ರವಿರುವ ಮಗುವಿಗೆ ಟ್ಯೂಬು ಹಾಕುವಾಗಲೂ ಹಾಗೆಯೇ: ಎರಡೂ ನಾಳಗಳು ಭ್ರೂಣದ ಒಂದೇ ಮುಂಗರುಳಿನಿಂದ ಬೇರ್ಪಟ್ಟವು ಎಂಬುದು ಬೆರಳಿಗೆ ಗೊತ್ತಿರಬೇಕು.

ನನ್ನನ್ನು ಮತ್ತೆ ಮೊಟ್ಟೆಗೆ ಎಳೆದದ್ದು ತಾಯಂದಿರ ಪ್ರಶ್ನೆ. 2003ರಲ್ಲಿ ಏಳು ದಿನದ ಇಲಿಮರಿಗಳಿಗೆ ಮಿಡಜೋಲಮ್, ನೈಟ್ರಸ್ ಆಕ್ಸೈಡ್, ಐಸೊಫ್ಲುರೇನ್ ಸೇರಿಸಿ ಆರು ಗಂಟೆ ಕೊಟ್ಟು, ಮೆದುಳಿನ ಕೋಶಗಳು ಸತ್ತದ್ದನ್ನು ತೋರಿಸಿದ ಪ್ರಬಂಧ ನಮಗೆಲ್ಲ ಗೊತ್ತಿದೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೂರು ವರ್ಷದೊಳಗಿನ ಮಕ್ಕಳಿಗೆ ಅರಿವಳಿಕೆ ಕೊಡುವ ಬಗ್ಗೆ ಎಚ್ಚರಿಕೆ ಕೊಟ್ಟಿತು. 2019ರಲ್ಲಿ ಬಂದ, GAS ಎಂಬ ಹೆಸರಿನ ಅಧ್ಯಯನದ ಐದು ವರ್ಷದ ಫಲಿತಾಂಶದಲ್ಲಿ, ಒಂದು ಗಂಟೆಗಿಂತ ಕಡಿಮೆ ಸೆವೊಫ್ಲುರೇನ್ (ಉಸಿರಿನ ಮೂಲಕ ಕೊಡುವ ಇನ್ನೊಂದು ಅರಿವಳಿಕೆ) ಪಡೆದ ಶಿಶುಗಳಿಗೂ ಪ್ರಾದೇಶಿಕ ಅರಿವಳಿಕೆ ಪಡೆದ ಶಿಶುಗಳಿಗೂ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೂ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದ ತಾಯಿ, "ಮೆದುಳಿಗೆ ಏನೂ ಆಗುವುದಿಲ್ಲ ತಾನೇ ಡಾಕ್ಟ್ರೇ?" ಎಂದು ಕೈಹಿಡಿದು ಕೇಳುತ್ತಾಳೆ. ನನ್ನ ಪ್ರಶ್ನೆ ಅದಕ್ಕಿಂತ ಸಣ್ಣದಾಗಿತ್ತು. ಔಷಧ ಮಾಡುವ ಕೆಡುಕು ಎಷ್ಟು, ಔಷಧ ಕೊಡುವಾಗ ಜೊತೆಗೆ ಬರುವ ತಣ್ಣಗಾಗುವಿಕೆ ಮತ್ತು ಒಣಗುವಿಕೆ ಮಾಡುವ ಕೆಡುಕು ಎಷ್ಟು? ತಾಯಿ, ಗರ್ಭಕೋಶ, ರಕ್ತದೊತ್ತಡ ಯಾವುದೂ ನಡುವೆ ಬರದ ಕೋಳಿಭ್ರೂಣಕ್ಕಿಂತ ಒಳ್ಳೆಯ ಜಾಗ ಇದನ್ನು ಬೇರ್ಪಡಿಸಿ ನೋಡಲು ನನಗೆ ಕಾಣಲಿಲ್ಲ.

ಮೊದಲ ತಲೆನೋವು ಮೊಟ್ಟೆಯದೇ. ಅಂಗಡಿಯ ಮೊಟ್ಟೆಯಲ್ಲಿ ಭ್ರೂಣವಿರುವುದಿಲ್ಲ. ದಾವಣಗೆರೆಯ ಸುತ್ತಮುತ್ತ ಸಿಗುವ ನಾಟಿ ಮೊಟ್ಟೆಯಲ್ಲಿ ಅರ್ಧಕ್ಕರ್ಧ ಖಾಲಿ, ಉಳಿದವು ಎಷ್ಟು ದಿನದವು ಎಂದು ಮಾರುವವರಿಗೂ ಗೊತ್ತಿಲ್ಲ. ಕೊನೆಗೆ ಗಿರಿರಾಜ ತಳಿಗೆ ಬಂದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಈ ತಳಿಯ ಮೊಟ್ಟೆ ದೊಡ್ಡದು, ಚಿಪ್ಪು ಗಟ್ಟಿ, ಕಿಟಕಿ ಕೊರೆಯುವಾಗ ಬಿರುಕು ಓಡುವುದಿಲ್ಲ. ಒಂದಕ್ಕೆ ಹದಿನೈದು ಇಪ್ಪತ್ತು ರೂಪಾಯಿ. ತರುವುದು ರಾತ್ರಿ ಬಸ್ಸಿನಲ್ಲಿ ಮಾತ್ರ. ಇಪ್ಪತ್ತೊಂದು ಡಿಗ್ರಿ ದಾಟಿದರೆ ಭ್ರೂಣ ಅರೆಬರೆ ಬೆಳೆಯಲು ಶುರುಮಾಡುತ್ತದೆ, ಹಾಗೆ ಬೆಳೆದದ್ದು ಮೂರನೆಯ ದಿನಕ್ಕೆ ಸಾಯುತ್ತದೆ. ಒಂದು ಏಪ್ರಿಲಿನಲ್ಲಿ ಹಗಲು ಬಂದ ಎರಡು ಟ್ರೇ ಪೂರ್ತಿ ಹೋಯಿತು. ಬಂದ ಮೇಲೆ ಮೊಂಡು ತುದಿ ಮೇಲೆ ಮಾಡಿ, ತಂಪಾದ ಕೋಣೆಯಲ್ಲಿ ಒಂದು ಇಡೀ ದಿನ ಅಲುಗಿಸದೆ ಇಡುತ್ತೇನೆ. ಈ ಒಂದು ದಿನದ ವಿಶ್ರಾಂತಿಗೆ ಎಷ್ಟು ಬೆಲೆಯಿದೆ ಎಂಬುದು ಬಸ್ಸಿನಲ್ಲಿ ಮೊಟ್ಟೆ ತಂದವರಿಗೇ ಗೊತ್ತು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಥರ್ಮಾಕೋಲ್ ಪೆಟ್ಟಿಗೆಯ ಇನ್‌ಕ್ಯುಬೇಟರಿಗೆ ಐದು ಸಾವಿರ ಕೊಟ್ಟೆ. ಅದರ ಥರ್ಮೋಸ್ಟಾಟ್ ಎರಡು ಡಿಗ್ರಿ ಮೇಲೆ ಕೆಳಗೆ ಓಡುತ್ತಿತ್ತು. ಎರಡು ಡಿಗ್ರಿ ಇಳಿದರೆ ಬೆಳವಣಿಗೆ ನಿಧಾನ, ಎರಡು ಡಿಗ್ರಿ ಏರಿದರೆ ಸಾವು. ಬೇರೆ ಥರ್ಮೋಸ್ಟಾಟ್, ಫ್ಯಾನು, ಇನ್ವರ್ಟರ್ ಸೇರಿ ಮತ್ತೆ ಇಪ್ಪತ್ತೈದು ಸಾವಿರ. ಬಾಯ್ಲ್ಸ್ ಎಂಬ ಹಳೆಯ ಅರಿವಳಿಕೆ ಯಂತ್ರದಿಂದ ಬಿಚ್ಚಿದ ಐಸೊಫ್ಲುರೇನ್ ವೇಪರೈಸರ್ (ದ್ರವ ಔಷಧವನ್ನು ಆವಿಮಾಡಿ ಗಾಳಿಗೆ ಬೆರೆಸುವ ಸಾಧನ) ಮೂವತ್ತು ಸಾವಿರದ ಹತ್ತಿರ, ಅದರ ಪರಿಶೀಲನೆಗೆ ಬೇರೆ. ಗಾಳಿಯಲ್ಲಿ ಔಷಧ ಎಷ್ಟಿದೆ ಎಂದು ಅಳೆಯುವ ಗ್ಯಾಸ್ ಅನಲೈಸರನ್ನು ಸೇವೆಯಿಂದ ತೆಗೆದ ಮಾನಿಟರಿನಿಂದ ಹೊಂದಿಸಿದೆ. ಅನುದಾನಕ್ಕೆ ಅರ್ಜಿ ಹಾಕಿದ ಕಡೆ, ಕೋಳಿಮೊಟ್ಟೆಗೂ ಅರಿವಳಿಕೆ ವಿಭಾಗಕ್ಕೂ ಏನು ಸಂಬಂಧ ಎಂದು ಕೇಳಿ ವಾಪಸ್ ಕಳಿಸಿದರು. ಎಲ್ಲ ಸೇರಿ ಎರಡು ಲಕ್ಷದ ಆಸುಪಾಸು ನನ್ನ ಖಾಸಗಿ ಕೇಸುಗಳ ದುಡ್ಡು. ಅದಕ್ಕಾಗಿ ನನಗೆ ಬೇಸರವಿಲ್ಲ.

ಸೋಲುಗಳ ಮೂಲ ಸಿಕ್ಕಿದ್ದು ಥಿಯೇಟರಿನಿಂದ ತಂದ ಒಂದು ಉಷ್ಣಾಂಶದ ಪ್ರೋಬ್‌ನಿಂದ. ಮೊದಲ ವರ್ಷವಿಡೀ ಐಸೊಫ್ಲುರೇನ್ ಬಿಟ್ಟೊಡನೆ ಹೃದಯಬಡಿತ ಪಾತಾಳಕ್ಕಿಳಿಯುತ್ತಿತ್ತು. ನೋಡಿದವರೆಲ್ಲ ಔಷಧದ ಮೇಲೆ ಬೊಟ್ಟು ಮಾಡಿದರು. ನಾನು ವೇಪರೈಸರ್ ಮುಚ್ಚಿ ಬರೀ ಗಾಳಿ ಬಿಟ್ಟೆ. ಬಡಿತ ಹಾಗೆಯೇ ಇಳಿಯಿತು. ಪ್ರೋಬನ್ನು ಕಿಟಕಿಯ ಒಳಗೆ ಇಳಿಸಿದರೆ ಪೆಟ್ಟಿಗೆಯಲ್ಲಿ 38 ಡಿಗ್ರಿ, ಮೊಟ್ಟೆಯ ಒಳಗೆ 35 ಚಿಲ್ಲರೆ! ಸಿಲಿಂಡರಿನ ಒಣ ಗಾಳಿ ನಿಮಿಷಕ್ಕೆ ಒಂದು ಲೀಟರಿನಂತೆ ಕಿಟಕಿಯ ಮೇಲೆ ಹರಿದು ಭ್ರೂಣವನ್ನು ತಣಿಸುತ್ತಿತ್ತು, ಒಣಗಿಸುತ್ತಿತ್ತು. ಹರಿವನ್ನು ಕಡಿಮೆ ಮಾಡೋಣವೆಂದರೆ ಕಾಲು ಲೀಟರಿಗಿಂತ ಕೆಳಗೆ ವೇಪರೈಸರ್ ಡಯಲಿನಷ್ಟು ಕೊಡುವುದಿಲ್ಲ, ಅನಲೈಸರೇ ನಿಮಿಷಕ್ಕೆ ಇನ್ನೂರು ಮಿಲಿ ಎಳೆದುಕೊಳ್ಳುತ್ತದೆ.

ಈಗಿನ ಕ್ರಮ ಹೀಗಿದೆ. ಉಪ್ಪಿನಕಾಯಿ ಹಾಕುವ ಐದು ಲೀಟರಿನ ಅಗಲಬಾಯಿಯ ಗಾಜಿನ ಭರಣಿ ಪೆಟ್ಟಿಗೆಯೊಳಗೇ ಕೂರುತ್ತದೆ. ಮೆಡಿಕಲ್ ಏರ್ ಮಾತ್ರ ಬಳಸುತ್ತೇನೆ, ಶುದ್ಧ ಆಮ್ಲಜನಕ ಬೇಡ. ವೇಪರೈಸರ್ ದಾಟಿದ ನಂತರ ಬೆಚ್ಚಗಿನ ನೀರಿನ ಬಾಟಲಿ. ಮೊದಲೇ ನೀರು ಹಾಯಿಸಿದರೆ ವೇಪರೈಸರ್ ಹಾಳಾಗುತ್ತದೆ. ನೀರಿನಲ್ಲಿ ಸ್ವಲ್ಪ ಐಸೊಫ್ಲುರೇನ್ ಕರಗುತ್ತದೆ, ಭರಣಿ ತುಂಬಲೂ ಹೊತ್ತು ಬೇಕು. ಐದು ಲೀಟರಿಗೆ ನಿಮಿಷಕ್ಕೆ ಒಂದು ಲೀಟರ್ ಹರಿವು, ಅಂದರೆ ಭರಣಿಯಷ್ಟು ಗಾಳಿ ಹಾಯಲು ಐದು ನಿಮಿಷ, ಅದೇ ಒಂದು ಕಾಲಸ್ಥಿರಾಂಕ. ಮೂರು ಕಾಲಸ್ಥಿರಾಂಕ ಎಂದರೆ ಹದಿನೈದು ನಿಮಿಷ. ನಾನು ಇಪ್ಪತ್ತು ಕಾಯುತ್ತೇನೆ. ಕೊಳವೆಗಳನ್ನು ಆದಷ್ಟು ಗಿಡ್ಡ ಮಾಡಿ, ರಬ್ಬರನ್ನು ಪೂರ್ತಿ ತೆಗೆದುಬಿಡಿ, ಅದು ಔಷಧವನ್ನು ಹೀರಿಕೊಂಡು ಮಾರನೆಯ ದಿನದ ನಿಯಂತ್ರಣ ಗುಂಪಿಗೆ ಬಿಡುತ್ತದೆ. ಹೊರಹೋಗುವ ಗ್ಯಾಸು ಗೋಡೆಯಾಚೆ ಹೋಗಲೇಬೇಕು. ನಿಯಂತ್ರಣ ಗುಂಪಿಗೂ ಇದೇ ಭರಣಿ, ಇದೇ ಗಾಳಿ, ಇದೇ ಒಂದು ಗಂಟೆ.

ಎರಡನೆಯ ದಿನ ಮೊಟ್ಟೆಯನ್ನು ಮಲಗಿಸಿ, ಹದಿನೆಂಟು ಗೇಜಿನ ಸೂಜಿಯಿಂದ ಮೊಂಡು ತುದಿಯಲ್ಲಿ ಮೂರರಿಂದ ನಾಲ್ಕು ಮಿಲಿ ಬಿಳಿಲೋಳೆ ತೆಗೆಯುತ್ತೇನೆ. ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಆಮೇಲೆ ಬಾಗಿದ ಕತ್ತರಿಯಿಂದ ಎಂಟಾಣೆಯಗಲದ ಕಿಟಕಿ. ಕತ್ತರಿಯ ತುದಿ ಸದಾ ಮೇಲ್ಮುಖವಾಗಿರಬೇಕು. ಮೂರನೆಯ ದಿನ ನೋಡಿದರೆ ಹಳದಿಯ ಮೇಲೆ ರಕ್ತನಾಳಗಳ ವರ್ತುಲ, ನಡುವೆ ಸಾಸಿವೆಯಷ್ಟು ಕೆಂಪು ಹೃದಯ ಬಡಿಯುತ್ತಿರುತ್ತದೆ. ನಾಲ್ಕನೆಯ ದಿನದ ಸುಮಾರಿಗೆ ನನ್ನ ಮೊಟ್ಟೆಗಳಲ್ಲಿ ನಿಮಿಷಕ್ಕೆ ನೂರೈವತ್ತರ ಹತ್ತಿರ. 1.2 ಪ್ರತಿಶತ ಐಸೊಫ್ಲುರೇನ್‌ನಲ್ಲಿ ಅದು ನೂರಮೂವತ್ತರ ಸುತ್ತಮುತ್ತ ಇಳಿದು, ಮುಚ್ಚಿದ ಅರ್ಧ ಗಂಟೆಯೊಳಗೆ ಮರಳುತ್ತದೆ. ಬೆಚ್ಚಗಿಟ್ಟರೆ ಕಾಣುವ ಔಷಧದ ಪರಿಣಾಮ ಇಷ್ಟು. ಮೊದಲ ವರ್ಷದ ಆ ಭೀಕರ ಇಳಿಕೆಯಲ್ಲಿ ಬಹುಪಾಲು ಚಳಿಯದು. ಇದನ್ನು ನೋಡಿದ ಮೇಲೆ ಥಿಯೇಟರಿನಲ್ಲಿ ಶಿಶುವನ್ನು ಟೇಬಲ್ಲಿಗೆ ತರುವ ಮೊದಲು ಕೋಣೆ ಬೆಚ್ಚಗಾಗದಿದ್ದರೆ ನಾನು ಕೇಸು ಶುರುಮಾಡುವುದಿಲ್ಲ, ಶಸ್ತ್ರವೈದ್ಯರು ಎಷ್ಟೇ ಗೊಣಗಿದರೂ ಸರಿ. ಶಿಶುವಿನ ಸೂಕ್ಷ್ಮ ರಕ್ತನಾಳಗಳಿಗೆ ಸೂಜಿ ಹಾಕಿ ಪಳಗಿದ ಕೈಗೆ ಈ ಕೆಲಸ ಒಗ್ಗುತ್ತದೆ: ನಾನು ಒಂದು ಮೊಟ್ಟೆಯನ್ನು ಮೂರು ನಿಮಿಷದೊಳಗೆ ತೆರೆದು ಮುಚ್ಚುತ್ತೇನೆ, ನಮ್ಮಲ್ಲಿ ಇಷ್ಟು ಬೇಗ ಮಾಡುವವರು ಇನ್ನೊಬ್ಬರಿಲ್ಲ.

ಕಿಟಕಿ ಮುಚ್ಚಲು ಎಲ್ಲರೂ ಪಾರದರ್ಶಕ ಟೇಪು ಹಚ್ಚುತ್ತಾರೆ. ನಾನೂ ಹಚ್ಚುತ್ತೇನೆ, ಆದರೆ ಅದಕ್ಕೆ ಮೊದಲು ಚಿಪ್ಪಿನ ಅಂಚಿಗೆ ಒಂದು ಸಂಸ್ಕಾರ ಮಾಡುತ್ತೇನೆ. ಅದನ್ನೂ ಪ್ರೋಬ್ ಇಡುವ ಕೋನವನ್ನೂ ಇಲ್ಲಿ ಬರೆಯುವುದಿಲ್ಲ. ಎದುರಿಗೆ ಬಂದವರಿಗೆ ಕೈಯಲ್ಲಿ ತೋರಿಸುತ್ತೇನೆ.

ನಡುವೆ ಗೊದಮೊಟ್ಟೆಗಳ ಕಡೆಗೂ ಹೋಗಿದ್ದೆ. 1901ರಲ್ಲಿ ವಿಜ್ಞಾನಿ ಓವರ್‌ಟನ್ ಗೊದಮೊಟ್ಟೆಗಳನ್ನು ಒಂದೊಂದು ದ್ರಾವಣದಲ್ಲಿ ಬಿಟ್ಟು, ಎಣ್ಣೆಯಲ್ಲಿ ಹೆಚ್ಚು ಕರಗುವ ವಸ್ತು ಹೆಚ್ಚು ಪ್ರಬಲ ಅರಿವಳಿಕೆ ಎಂದು ತೋರಿಸಿದ್ದ. ನಾವೆಲ್ಲ ಪರೀಕ್ಷೆಗೆ ಬರೆದ ಮೇಯರ್-ಓವರ್‌ಟನ್ ಗೆರೆಯ ಅರ್ಧ ಅಲ್ಲಿಂದಲೇ ಬಂದದ್ದು. ಭ್ರೂಣಾವಸ್ಥೆ ದಾಟಿದ ಎಳೆಯ ಜೀವ ಮತ್ತು ಅರಿವಳಿಕೆಯ ನಂಟು ನನ್ನಿಂದ ಶುರುವಾದದ್ದಲ್ಲ ಎಂದು ಅನುದಾನದವರಿಗೆ ಹೇಳಬೇಕಿತ್ತು. ಜೂನಿನ ಹೊಂಡದಿಂದ ತಂದ ಗೊದಮೊಟ್ಟೆಗಳನ್ನು ತೆಳು ಆಲ್ಕೊಹಾಲಿನಲ್ಲಿ ಬಿಟ್ಟೆ. ಈಜು ನಿಲ್ಲಿಸಿದವು, ಒಳ್ಳೆಯ ನೀರಿಗೆ ಬಿಟ್ಟರೆ ಎದ್ದವು. ಸಂಜೆಗೆ ಹೊಂಡಕ್ಕೇ ಮರಳಿಸಿದೆ. ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಚೆನ್ನಾದ ಪಾಠ ಇಲ್ಲ. ಮೀನುಗಳಿಗೆ ಲವಂಗದ ಎಣ್ಣೆಯ ಪ್ರಯೋಗವೂ ಚೆನ್ನಾಗಿಯೇ ನಡೆಯಿತು, ಅಗ್ಗ, ದಂತವೈದ್ಯರ ಬಳಿಯೇ ಸಿಗುತ್ತದೆ. ಆದರೆ ಜೀಬ್ರಾಮೀನಿಗೆ ನೀರನ್ನು 28.5 ಡಿಗ್ರಿಯಲ್ಲಿ ಇಡುವ ಹೊಸ ವ್ಯವಸ್ಥೆ ಬೇಕು, ಅದಕ್ಕೆ ನನ್ನ ಬಳಿ ಈಗ ಜಾಗವಿಲ್ಲ.

ಮುಂದಿನದು ಸೆವೊಫ್ಲುರೇನ್. ಬಾಟಲಿಗೆ ಐದಾರು ಸಾವಿರ, ಬೇರೆ ವೇಪರೈಸರ್ ಬೇಕು. ಇಬ್ಬರು ಗೆಳತಿಯರು ಪಾಲು ಹಾಕಲು ಒಪ್ಪಿದ್ದಾರೆ. ನಂತರ ನೈಟ್ರಸ್ ಆಕ್ಸೈಡ್: ಬಿ12ನ್ನು ನಿಷ್ಕ್ರಿಯಗೊಳಿಸುವ ಆ ಅನಿಲ, ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗುವ ನರನಾಳ ಮುಚ್ಚಿಕೊಳ್ಳುವ ಹೊತ್ತಿನಲ್ಲಿ ಏನು ಮಾಡುತ್ತದೆಂದು ನೋಡಲೇಬೇಕು, ಆದರೆ ಅದಕ್ಕೆ ಮೊದಲ ದಿನವೇ ಕಿಟಕಿ ತೆರೆಯಬೇಕು, ಬದುಕುಳಿಯುವುದು ಈಗಲೂ ಹತ್ತಕ್ಕೆ ನಾಲ್ಕೇ. ಕಲಿಯಲು ಬರುವವರು ಫೆಬ್ರವರಿಗೆ ಮೊದಲೇ ಬನ್ನಿ. ಮಾರ್ಚಿನಿಂದ ಮೇವರೆಗೆ ನಾನು ಮೊಟ್ಟೆ ತರಿಸುವುದಿಲ್ಲ.