ಯಾರೂ ಕೇಳದ ಪ್ರಶ್ನೆಯನ್ನು ನಾನೇ ಕೇಳತೊಡಗಿದೆ

ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವ ನನಗೆ ಅಡಿಕೆ ಕೊಯ್ಲು ಬಂತೆಂದರೆ ಎದೆ ಹೊಡೆದುಕೊಳ್ಳುತ್ತದೆ. ಕಾಲಿಗೆ ತಳೆ ಹಾಕಿ ಮರದಿಂದ ಮರಕ್ಕೆ ದಾಟುವ ಕೊನೆಗೌಡ ಒಮ್ಮೆ ಕೈತಪ್ಪಿದರೆ ಪೆಟ್ಟು ಬೆನ್ನುಹುರಿಗೇ. ಎಷ್ಟೋ ವರ್ಷ ಅಂಥವರಿಗೆ ವ್ಯಾಯಾಮ, ಮೂತ್ರದ ನಳಿಕೆ, ಒತ್ತುಹುಣ್ಣು ಇಷ್ಟನ್ನೇ ಹೇಳುತ್ತಿದ್ದೆ. ಮದುವೆಯಾಗಿ ವರ್ಷ ತುಂಬದ ಹುಡುಗರೊಂದಿಗೂ ದಾಂಪತ್ಯದ ಮಾತೆತ್ತಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಮೌನ ಮುರಿದದ್ದು ಒಬ್ಬ ಹೆಣ್ಣುಮಗಳು. ಗಂಡನಿಗೆ ಬೆನ್ನುಹುರಿಯ ಟಿ-8 ಮಟ್ಟದಲ್ಲಿ, ಅಂದರೆ ಎದೆಯ ಭಾಗದಲ್ಲಿ, ಪೂರ್ಣ ಪೆಟ್ಟು. ಆಸ್ಪತ್ರೆಯಿಂದ ಕಳಿಸುವಾಗ 'ಆ ಆಸೆ ಬಿಟ್ಟುಬಿಡಿ' ಎಂದಿದ್ದರಂತೆ. ಆದರೆ ಅವಳು ನಳಿಕೆಯ ಸುತ್ತ ಒದ್ದೆ ಬಟ್ಟೆಯಿಂದ ಒರೆಸುವಾಗ ಶಿಶ್ನ ತಾನಾಗಿ ನಿಮಿರುತ್ತಿತ್ತು. ಅವನಿಗೆ ಅದರ ಅರಿವೇ ಇಲ್ಲ. ಕಣ್ಣಿಗೆ ಬಿದ್ದೊಡನೆ ಟವೆಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ. "ಸರ್, ಅಲ್ಲಿ ಏನೂ ತಿಳಿಯುವುದಿಲ್ಲ ಎಂದಿದ್ದರಲ್ಲ, ಮತ್ತೆ ಇದು ಹೇಗೆ?" ಎಂದು ತಲೆ ತಗ್ಗಿಸಿ ಕೇಳಿದಳು.

ವ್ಯಾಯಾಮದ ಹಾಳೆಯ ಹಿಂಬದಿಯಲ್ಲಿ ಬೆನ್ನುಹುರಿಯೆಂದು ಒಂದು ಉದ್ದ ಗೆರೆ ಎಳೆದೆ. ಟಿ ಎಂದರೆ ಎದೆಯ ಭಾಗ, ಅದರ ಕೆಳಗೆ ಎಲ್ ಎಂದರೆ ಸೊಂಟದ ಭಾಗ, ಎಸ್ ಎಂದರೆ ತುದಿಯ ಭಾಗ. ಮನಸ್ಸಿನಲ್ಲಿ ಬಯಕೆ ಹುಟ್ಟಿದಾಗ ಮೆದುಳಿನ ಸಂದೇಶ ಬೆನ್ನುಹುರಿಯಲ್ಲಿಳಿದು ಟಿ-11ರಿಂದ ಎಲ್-2ರವರೆಗಿನ ಭಾಗದಿಂದ ಹೊರಡುತ್ತದೆ. ಮುಟ್ಟಿದಾಗ ಆಗುವ ನಿಮಿರುವಿಕೆಯ ದಾರಿಯೇ ಬೇರೆ: ಸ್ಪರ್ಶ ಎಸ್-2ರಿಂದ ಎಸ್-4ರವರೆಗಿನ ಭಾಗಕ್ಕೆ ಹೋಗಿ ಅಲ್ಲಿಂದಲೇ ತಿರುಗಿ ಬರುತ್ತದೆ. ಅದಕ್ಕೆ ಮೆದುಳಿನ ಅಪ್ಪಣೆ ಬೇಡ. ಇವನಿಗೆ ತುಂಡಾದದ್ದು ಮೇಲಿನ ದಾರಿ, ಕೆಳಗಿನ ಸುತ್ತು ಉಳಿದಿದೆ. ಅವನು ಟವೆಲು ಸರಿಸಿದ. "ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೂ, ಹಳ್ಳದ ನೀರಿನಿಂದ ಟರ್ಬೈನ್ ತಿರುಗಿಸುವ ಮನೆಯಲ್ಲಿ ದೀಪ ಇರುತ್ತದಲ್ಲ, ಹಾಗೆಯೇ?" ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಎಲ್ಲರಿಗೂ ಹೀಗಿರುವುದಿಲ್ಲ. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಎಸ್ ಭಾಗ ಇರುವುದು ಆ ತುದಿಯಲ್ಲೇ. ಹಾಗಾಗಿ ಎಲ್-1, ಅಂದರೆ ಸೊಂಟದ ಮೊದಲ ಮೂಳೆ ಮುರಿದವನಿಗೆ ಎಸ್ ಭಾಗವೇ ಜಜ್ಜಿಹೋಗಿರಬಹುದು. ಆಗ ಸ್ಪರ್ಶದ ಸುತ್ತು ಕೆಡುತ್ತದೆ. ಬಯಕೆಯ ದಾರಿ ಕೆಲವರಲ್ಲಿ ಉಳಿಯುತ್ತದೆ. ಪೆಟ್ಟು ಬಿದ್ದ ಮೊದಲ ವಾರಗಳಲ್ಲಂತೂ ಎಷ್ಟೋ ಪ್ರತಿವರ್ತನೆಗಳು ಅಡಗಿರುತ್ತವೆ. ಎಕ್ಸ್‌ರೇ ನೋಡಿ ಆಗಲೇ ಭವಿಷ್ಯ ಹೇಳುವುದು ಅನ್ಯಾಯ. ಎಸ್ ಭಾಗದ ಸ್ಥಿತಿ ತಿಳಿಯಲು, ಗುದದ ಸುತ್ತ ಹತ್ತಿ, ಸೂಜಿಯ ಸ್ಪರ್ಶ ತಿಳಿಯುತ್ತದೆಯೇ, ನಳಿಕೆಯನ್ನು ಮೆಲ್ಲಗೆ ಎಳೆದಾಗ ಗುದದ ಸ್ನಾಯು ಬಿಗಿಯುತ್ತದೆಯೇ ಎಂದು ಪರೀಕ್ಷಿಸಿದ ವರದಿಯನ್ನು ಈಗ ಕೇಳಿ ಪಡೆಯುತ್ತೇನೆ.

ವೀರ್ಯ ಹೊರಬರಲು ಎರಡೂ ಭಾಗಗಳು ಹೊಂದಿಕೊಂಡು ಕೆಲಸ ಮಾಡಬೇಕು. ಅದಕ್ಕೇ ನಿಮಿರುವಿಕೆ ಇದ್ದವರಿಗೂ ಸ್ಖಲನ ಕಷ್ಟ. ಮಗು ಬೇಕೆನ್ನುವವರಿಗೆ ಕಂಪನ ಸಾಧನ, ಇಲ್ಲವೇ ವೀರ್ಯ ಸಂಗ್ರಹಿಸುವ ಬೇರೆ ವಿಧಾನಗಳಿವೆ ಎಂದು ಹೇಳಿ ತಜ್ಞರ ಬಳಿ ಕಳಿಸುತ್ತೇನೆ. ನಿಮಿರುವಿಕೆಗೆ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ನೆರವಾಗುತ್ತದೆ, ಆದರೆ ವೈದ್ಯರು ಬರೆದುಕೊಡಬೇಕು. ಹೃದಯದ ಎದೆನೋವಿಗೆ ಕೊಡುವ ನೈಟ್ರೇಟ್ ಔಷಧದೊಂದಿಗೆ ಕೂಡದು. ಟಿ-6 ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಇನ್ನೊಂದು ಎಚ್ಚರಿಕೆ: ಕೂಡುವಾಗ ಅಥವಾ ಕಂಪನ ಸಾಧನ ಬಳಸುವಾಗ ತಲೆ ಸಿಡಿದು ಬೆವರು ಕಿತ್ತುಬಂದರೆ ರಕ್ತದೊತ್ತಡ ಏರಿದೆಯೆಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕು, ಎಬ್ಬಿಸಿ ಕೂರಿಸಬೇಕು, ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನಾನು ಕಲಿಯಲು ತಡವಾದ ಸಂಗತಿ ಇನ್ನೊಂದಿದೆ. ಇಂಥವರ ಮಂಚ ಹೆಚ್ಚಾಗಿ ಜಗಲಿಯಲ್ಲಿರುತ್ತದೆ, ಗಾಲಿಕುರ್ಚಿ ಒಳಕೋಣೆಯ ಬಾಗಿಲಲ್ಲಿ ಹಿಡಿಯುವುದಿಲ್ಲವೆಂದು. ಹೋಗಿಬರುವವರೆಲ್ಲ ಮಾತನಾಡಿಸುವ ಜಾಗದಲ್ಲಿ ಗಂಡಹೆಂಡತಿ ಕೈ ಹಿಡಿಯುವುದೂ ಸಾಧ್ಯವಿಲ್ಲ. ಆ ಟವೆಲು ಸರಿಸಿದವನ ತಂದೆಯನ್ನು ಅಂಗಳಕ್ಕೆ ಕರೆದು, "ಅವರಿಗೊಂದು ಬಾಗಿಲು ಬೇಕು" ಎಂದೆ. ಅವರು ಏನೂ ಹೇಳದೆ ಕವಳ ಉಗುಳಿ ಬಂದರು. ಮುಂದಿನ ವಾರ ನಾನು ಹೋದಾಗ ಬಡಗಿ ಹಳೆಯ ದಾರಂದ ಕೀಳುತ್ತಿದ್ದ.