ಬೈಕ್ ಚೈನ್ ನೋಡ್ಕೊಳ್ಳೋದು ಹೇಗೆ, ಟೈಟ್ ಮಾಡಿಸೋಕೆ ಮುಂಚೆ ಏನೇನು ನೋಡ್ಬೇಕು

ಚಾರ್ಮಾಡಿ ಘಾಟಿ ಹತ್ತುವಾಗ ನನ್ನ ಬೈಕಿನ ಚೈನ್ ಕಟ್ಟಾಯ್ತು. ಮಳೆಗಾಲ, ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹೋಗ್ತಿದ್ದೆ, ಒಂದು ತಿರುವಲ್ಲಿ ಸೆಕೆಂಡ್ ಗೇರಿಗೆ ಇಳಿಸಿ ಆಕ್ಸಲರೇಟರ್ ಕೊಟ್ಟೆ, ಟಪ್ ಅಂತ ಒಂದು ಸದ್ದು ಬಂತು, ಆಮೇಲೆ ಇಂಜಿನ್ ಮಾತ್ರ ಕಿರುಚ್ತಿದೆ, ಬೈಕ್ ಮುಂದೆ ಹೋಗ್ತಿಲ್ಲ. ತಿರುಗಿ ನೋಡಿದ್ರೆ ಹತ್ತು ಹೆಜ್ಜೆ ಹಿಂದೆ ರೋಡ್ ಮೇಲೆ ಚೈನ್ ಉದ್ದಕ್ಕೆ ಬಿದ್ದಿದೆ. ಎತ್ಕೊಂಡು ನೋಡ್ದೆ, ಕೊಂಡಿಗಳೆಲ್ಲ ಸರಿಯಾಗೇ ಇದ್ವು, ಆದ್ರೆ ಚೈನ್ ಲಾಕಿನ (ಚೈನಿನ ಎರಡು ತುದಿ ಜೋಡಿಸೋ ಕೊಂಡಿ) ಕ್ಲಿಪ್ಪೂ ಇಲ್ಲ, ಅದರ ಕೆಳಗಿರೋ ಪ್ಲೇಟೂ ಇಲ್ಲ. ಹಿಂದಿನ ವಾರ ಒಂದು ಗ್ಯಾರೇಜಲ್ಲಿ ಚೈನ್ ಬಿಚ್ಚಿ ತೊಳೆದು ಹಾಕ್ಕೊಟ್ಟಿದ್ರು, ಹೊಳೀತಿದೆ ಅಂತ ಖುಷಿಗೆ ನಾನೊಂದು ಫೋಟೋ ತೆಗ್ದಿದ್ದೆ. ಅವತ್ತು ರಾತ್ರಿ ಆ ಫೋಟೋ ಜೂಮ್ ಮಾಡಿ ನೋಡಿದ್ರೆ ಕ್ಲಿಪ್ ಉಲ್ಟಾ ಕೂತಿತ್ತು.

ಹತ್ತೋ ದಾರಿ, ವೇಗ ಇಪ್ಪತ್ತೂ ಇರ್ಲಿಲ್ಲ, ಹಾಗಾಗಿ ಏನೂ ಆಗ್ಲಿಲ್ಲ. ಆದ್ರೆ ಚೈನ್ ಕಟ್ಟಾದ್ರೆ ಬೈಕ್ ನಿಂತೋಗುತ್ತೆ ಅಷ್ಟೇ ಅಂತ ತುಂಬ ಜನ ಅಂದ್ಕೊಂಡಿದ್ದಾರೆ, ಅದು ತಪ್ಪು. ಓಡ್ತಿರೋ ಚೈನ್ ಕಟ್ಟಾದ್ರೆ ಒಂದೊಂದ್ಸಲ ಹಿಂದಕ್ಕೆ ಜಾರಿ ರೋಡಿಗೆ ಬೀಳುತ್ತೆ, ಇನ್ನೊಂದ್ಸಲ ಮುಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಹತ್ರ ಗುಡ್ಡೆಯಾಗಿ ಸಿಕ್ಕಾಕ್ಕೊಂಡು ಇಂಜಿನ್ ಕೇಸಿಂಗನ್ನೇ ಒಡೆದು ಆಯಿಲ್ ಸೋರೋ ಹಾಗೆ ಮಾಡುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಕಟ್ಟಾದ ಚೈನೋ ಅಥವಾ ಲೂಸಾಗಿ ಹಲ್ಲು ಬಿಟ್ಟ ಚೈನೋ ಹಿಂದಿನ ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಚಕ್ರ ಜಾಮ್ ಆಗೋದು, ಹೈವೇಲಿ ಎಂಬತ್ತರಲ್ಲಿ ಹೋಗ್ವಾಗ ಹಿಂದಿನ ಚಕ್ರ ಲಾಕ್ ಆದ್ರೆ ಬೈಕ್ ನಮ್ಮ ಕೈಯಲ್ಲಿರಲ್ಲ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದ್ಲು ನಿಮ್ಮ ಬೈಕಲ್ಲಿರೋದು ಯಾವ ಚೈನ್ ಅಂತ ನೋಡ್ಕೊಳ್ಳಿ. ಹೊರಗಿನ ಪ್ಲೇಟಿಗೂ ಒಳಗಿನ ಪ್ಲೇಟಿಗೂ ನಡುವೆ ಸಣ್ಣ ಕಪ್ಪು ರಬ್ಬರ್ ರಿಂಗ್ ಕಾಣ್ಸಿದ್ರೆ ಅದು ಓ-ರಿಂಗ್ ಚೈನ್, ಇಲ್ದಿದ್ರೆ ಸಾದಾ ಚೈನ್. ಓ-ರಿಂಗ್ ಚೈನಲ್ಲಿ ಕೊಂಡಿ ಜೋಡಿಸೋ ಪಿನ್ನಿಗೂ ಅದರ ಸುತ್ತ ಇರೋ ಬುಶ್ಶಿಗೂ (ಸಣ್ಣ ಕೊಳವೆ) ನಡುವೆ ಫ್ಯಾಕ್ಟರಿಯಲ್ಲೇ ಗ್ರೀಸ್ ತುಂಬಿ ಆ ರಬ್ಬರಿಂದ ಸೀಲ್ ಮಾಡಿರ್ತಾರೆ, ಹೊರಗಿಂದ ನಾವು ಹಾಕೋ ಎಣ್ಣೆ ಅಲ್ಲಿಗೆ ಹೋಗಲ್ಲ, ಅದು ಬುಶ್ಶಿನ ಮೇಲೆ ಉರುಳೋ ರೋಲರಿಗೆ, ಸ್ಪ್ರಾಕೆಟ್ ಹಲ್ಲಿಗೆ, ರಬ್ಬರ್ ಒಣಗದೇ ಇರೋಕೆ, ತುಕ್ಕು ಹಿಡೀದೇ ಇರೋಕೆ. ಸಾದಾ ಚೈನಲ್ಲಿ ಆ ಸೀಲ್ ಇಲ್ಲ, ಎಣ್ಣೆ ಪ್ಲೇಟುಗಳ ಸಂದಿಯಿಂದ ಒಳಗೆ ಇಳೀಲೇಬೇಕು. ಈ ವ್ಯತ್ಯಾಸ ಗೊತ್ತಿಲ್ದೆ ಓ-ರಿಂಗ್ ಚೈನನ್ನ ಪೆಟ್ರೋಲಲ್ಲಿ ತೊಳೆದು, ತಂತಿ ಬ್ರಶ್ಶಲ್ಲಿ ಉಜ್ಜಿ, ಪ್ರೆಶರ್ ವಾಶ್ ಪೈಪನ್ನ ನೇರವಾಗಿ ಚೈನಿಗೇ ಹಿಡಿದು ರಬ್ಬರ್ ಹಾಳು ಮಾಡ್ಬಿಡ್ತಾರೆ. ಒಂದ್ಸಲ ರಬ್ಬರ್ ಹೋದ್ರೆ ಒಳಗಿನ ಗ್ರೀಸ್ ಹೋಯ್ತು, ಆಮೇಲೆ ಕೊಂಡಿ ಸಂದಿಯಿಂದ ಕೆಂಪು ತುಕ್ಕಿನ ಪುಡಿ ಬರೋಕೆ ಶುರು. ಆ ಕೆಂಪು ಪುಡಿ ಕಂಡ್ರೆ ಆ ಚೈನಿನ ಕಥೆ ಮುಗೀತಾ ಬಂತು ಅಂತ ತಿಳ್ಕೊಳ್ಳಿ.

ಕ್ಲೀನ್ ಮಾಡೋದು. ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಲ್ಲಿಟ್ಕೊಳ್ಳಿ, ಗಾಡಿ ನ್ಯೂಟ್ರಲ್ಲಲ್ಲಿರ್ಲಿ. ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ, ಸೆಂಟರ್ ಸ್ಟ್ಯಾಂಡ್ ಹಾಕಿ ಫಸ್ಟ್ ಗೇರಲ್ಲಿ ಇಂಜಿನ್ ಓಡಿಸ್ಕೊಂಡು ಚೈನಿಗೆ ಬಟ್ಟೆ ಹಿಡಿಯೋದನ್ನ ನಾನು ಎಷ್ಟೋ ಕಡೆ ನೋಡಿದ್ದೀನಿ. ಬಟ್ಟೆ ಸ್ಪ್ರಾಕೆಟ್‌ಗೆ ಸಿಕ್ಕಿದ್ರೆ ಕೈ ಬಿಡೋಕೂ ಟೈಮಿರಲ್ಲ, ಬೆರಳು ಹೋಗುತ್ತೆ. ಕೈಯಲ್ಲಿ ಚಕ್ರ ತಿರುಗಿಸುವಾಗ್ಲೂ ಒಂದು ವಿಷಯ ಇದೆ, ಚಕ್ರ ಮುಂದಕ್ಕೆ ತಿರುಗಿಸಿದ್ರೆ ಕೆಳಗಿನ ಚೈನ್ ಹಿಂದಿನ ಸ್ಪ್ರಾಕೆಟ್ ಕಡೆಗೆ ಹೋಗುತ್ತೆ, ಅಂದ್ರೆ ನಿಮ್ಮ ಕೈಯನ್ನ ಹಲ್ಲಿನ ಬಾಯಿಗೇ ಎಳೆಯುತ್ತೆ. ಅದಕ್ಕೆ ಕೆಳಗಿನ ಚೈನ್ ಹಿಡ್ಕೊಂಡು ಚಕ್ರನ ಹಿಂದಕ್ಕೆ ತಿರುಗಿಸಿ, ಆಗ ಚೈನ್ ಹಿಂದಿನ ಸ್ಪ್ರಾಕೆಟ್ ಬಿಟ್ಟು ಮುಂದಕ್ಕೆ ಹೋಗುತ್ತೆ. ಸೆಂಟರ್ ಸ್ಟ್ಯಾಂಡ್ ಇಲ್ದಿರೋ ಬೈಕಾದ್ರೆ ಪ್ಯಾಡಕ್ ಸ್ಟ್ಯಾಂಡ್ (ಹಿಂದಿನ ಚಕ್ರ ಎತ್ತಿ ಹಿಡಿಯೋ ಬೇರೆ ಸ್ಟ್ಯಾಂಡ್), ಅದೂ ಇಲ್ಲ ಅಂದ್ರೆ ಗಾಡಿನ ಒಂದೊಂದ್ ಅಡಿ ತಳ್ಳಿ ತಳ್ಳಿ ಮಾಡ್ಬೇಕು, ಬೇಜಾರಿನ ಕೆಲ್ಸ ಆದ್ರೂ ಆಗುತ್ತೆ.

ತೊಳೆಯೋಕೆ ಸೀಮೆಎಣ್ಣೆ ಸಿಕ್ಕಿದ್ರೆ ಅದೇ ಒಳ್ಳೇದು, ಇಲ್ದಿದ್ರೆ ಚೈನ್ ಕ್ಲೀನರ್ ಸ್ಪ್ರೇ. ಸಾದಾ ಚೈನಾದ್ರೆ ಡೀಸೆಲ್ ಕೂಡ ನಡೆಯುತ್ತೆ. ಹಳೇ ಟೂತ್ ಬ್ರಶ್ ಅಥವಾ ನೈಲಾನ್ ಬ್ರಶ್ ತಗೊಂಡು ನಾಲ್ಕೂ ಕಡೆ ಉಜ್ಜಿ, ಒಳಗಿನ ಮೈಯನ್ನ ಮರೀಬೇಡಿ, ಕೊಳೆ ಜಾಸ್ತಿ ಅಲ್ಲೇ ಇರೋದು. ಆಮೇಲೆ ಒಣ ಬನಿಯನ್ ವೇಸ್ಟಲ್ಲಿ ಪೂರ್ತಿ ಒರೆಸಿ ಹತ್ತು ಹದಿನೈದು ನಿಮಿಷ ಆರೋಕೆ ಬಿಡಿ. ಮಲೆನಾಡಿನವ್ರು ಆಗಾಗ ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿ ನೋಡಿ, ಕೆಮ್ಮಣ್ಣು ಎಣ್ಣೆ ಜೊತೆ ಸೇರಿ ಅಲ್ಲಿ ಗಟ್ಟಿ ಉಂಡೆ ಆಗಿರುತ್ತೆ, ಸ್ಕ್ರೂಡ್ರೈವರಲ್ಲಿ ಕೆರೆದು ತೆಗೀಬೇಕು. ಸಂಡೂರು ಹೊಸಪೇಟೆ ಕಡೆ ಓಡಾಡೋರಿಗೆ ಅದಿರಿನ ಧೂಳಿನ ಕಾಟ, ಉಡುಪಿ ಕಾರವಾರದ ಕಡೆಯವ್ರಿಗೆ ಉಪ್ಪು ಗಾಳಿ, ನಾಲ್ಕು ದಿನ ಗಾಡಿ ಸುಮ್ನೆ ನಿಂತ್ರೂ ತುಕ್ಕು.

ಎಣ್ಣೆ ವಿಷಯಕ್ಕೆ ಬಂದ್ರೆ, ಚೈನ್ ಲ್ಯೂಬ್ ಸ್ಪ್ರೇ ಇದ್ರೆ ಸರಿ, ದುಡ್ಡು ಜಾಸ್ತಿ ಅನ್ಸಿದ್ರೆ 90 ನಂಬರ್ ಗೇರ್ ಆಯಿಲ್ ಧಾರಾಳವಾಗಿ ಸಾಕು, ಸ್ವಲ್ಪ ಸಿಡಿಯುತ್ತೆ ಅಷ್ಟೇ. ಗ್ರೀಸ್ ಬಳಿಬೇಡಿ, ದಪ್ಪ ಗ್ರೀಸ್ ಪಿನ್ನಿನವರೆಗೆ ಹೋಗಲ್ಲ, ಮೇಲೇ ಕೂತು ಧೂಳು ಹಿಡ್ಕೊಂಡು ಸಾಣೆ ಕಲ್ಲಿನ ಥರ ಚೈನನ್ನ ಸವೆಸುತ್ತೆ. ಇಂಜಿನ್ನಿಂದ ತೆಗೆದ ಹಳೇ ಕಪ್ಪು ಆಯಿಲ್ ಅಂತೂ ಬೇಡವೇ ಬೇಡ. ಡಬ್ಲ್ಯುಡಿ-40 ಹೊಡೆದು ಲ್ಯೂಬ್ ಆಯ್ತು ಅನ್ನೋರಿದ್ದಾರೆ, ಅದು ತೇವ ಓಡಿಸೋಕೆ, ಕೊಳೆ ಬಿಡಿಸೋಕೆ ಸರಿ, ಚೈನಿಗೆ ಬೇಕಾದ ಎಣ್ಣೆ ಪಸೆ ಅದರಲ್ಲಿ ನಿಲ್ಲಲ್ಲ. ಎಣ್ಣೆ ಹಾಕ್ಬೇಕಾದ್ದು ಕೆಳಗಿನ ಚೈನಿನ ಒಳಮೈಗೆ, ಅಂದ್ರೆ ಸ್ಪ್ರಾಕೆಟ್ ಹಲ್ಲು ಮುಟ್ಟೋ ಕಡೆಗೆ, ಚೈನ್ ತಿರುಗುವಾಗ ಎಣ್ಣೆ ತಾನಾಗೇ ಹೊರಕ್ಕೆ ತಳ್ಳಿಸ್ಕೊಂಡು ಎಲ್ಲ ಕಡೆ ಹೋಗುತ್ತೆ. ಸಂಜೆ ಗಾಡಿ ಓಡಿಸಿ ಬಂದ ಮೇಲೆ ಚೈನ್ ಬೆಚ್ಚಗಿರುವಾಗ ಹಾಕಿ ರಾತ್ರಿ ಪೂರ್ತಿ ಬಿಟ್ಟು ಬೆಳಿಗ್ಗೆ ಹೆಚ್ಚಾಗಿದ್ದನ್ನ ಒರೆಸಿ. ಟೈರಿಗೆ ಎಣ್ಣೆ ಬಿದ್ರೆ ಸೋಪಲ್ಲಿ ತೊಳೆದೇ ಗಾಡಿ ತೆಗೀಬೇಕು, ಇಲ್ಲ ಅಂದ್ರೆ ಮೊದಲ ತಿರುವಲ್ಲೇ ಜಾರ್ತೀರ. ಸುಮಾರು 500 ಕಿಮೀಗೊಂದ್ಸಲ ಎಣ್ಣೆ, ಮಳೇಲಿ ನೆನೆದು ಬಂದ್ರೆ ಕಿಮೀ ಲೆಕ್ಕ ಬಿಟ್ಟು ಅವತ್ತೇ ಸಂಜೆ.

ಈಗ ಟೈಟ್ ಮಾಡೋ ವಿಷಯ. ನನ್ನ ಪ್ರಕಾರ ಹೆಚ್ಚು ತಪ್ಪಾಗೋದು ಇಲ್ಲೇ. "ಅಣ್ಣ ಚೈನ್ ಸದ್ದು ಬರ್ತಿದೆ" ಅಂದ್ರೆ ಮೆಕ್ಯಾನಿಕ್ ಎರಡು ಸುತ್ತು ಟೈಟ್ ಕೊಡ್ತಾರೆ, ಸದ್ದು ನಿಲ್ಲುತ್ತೆ, ನಾವೂ ಖುಷಿಯಾಗಿ ಬರ್ತೀವಿ. ಆದ್ರೆ ಚೈನ್ ಸಡಿಲ ಇರೋದು ಲೆಕ್ಕ ಹಾಕಿಯೇ. ಹಿಂದಿನ ಚಕ್ರ ಗುಂಡಿಗೆ ಬಿದ್ದು ಎದ್ದಾಗ, ಅಥವಾ ಇಬ್ರು ಕೂತು ಶಾಕ್ ಅಬ್ಸಾರ್ಬರ್ ತಗ್ಗಿದಾಗ, ಚಕ್ರ ಮೇಲಕ್ಕೆ ಬರುತ್ತೆ, ಆಗ ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದು ಎರಡು ಸ್ಪ್ರಾಕೆಟ್ ನಡುವಿನ ದೂರ ಜಾಸ್ತಿ ಆಗುತ್ತೆ, ಚೈನ್ ಬಿಗಿಯಾಗುತ್ತೆ. ನಿಂತಿರುವಾಗ್ಲೇ ಟೈಟಾಗಿದ್ರೆ ಹೆಂಡತಿ ಮಗು ಕೂರಿಸ್ಕೊಂಡು, ಮುಂದೆ ಅಕ್ಕಿ ಮೂಟೆ ಇಟ್ಕೊಂಡು ಹಂಪ್ ಹಾರಿಸಿದಾಗ ಆ ಚೈನ್ ಎಲ್ಲಿಗೆ ಹೋಗ್ಬೇಕು? ಆ ಎಳೆತ ಎಲ್ಲ ಗೇರ್ ಬಾಕ್ಸ್ ಶಾಫ್ಟಿನ ಬೇರಿಂಗಿಗೆ, ಹಿಂದಿನ ಚಕ್ರದ ಬೇರಿಂಗಿಗೆ, ಚೈನ್ ಪಿನ್ನಿಗೆ ಬೀಳುತ್ತೆ. ಲೂಸ್ ಚೈನ್ ಪಟಪಟ ಬಡಿಯುತ್ತೆ, ಅದಕ್ಕೇ ಗೊತ್ತಾಗುತ್ತೆ. ಟೈಟ್ ಚೈನ್ ಗುಂಯ್ ಅನ್ನುತ್ತೆ, ಹೆಲ್ಮೆಟ್ ಒಳಗೆ ಅದು ಕೇಳ್ಸೋದೇ ಇಲ್ಲ.

ಎಷ್ಟು ಸಡಿಲ ಇರ್ಬೇಕು ಅನ್ನೋದು ಬೈಕ್ ಮ್ಯಾನುಯಲ್ಲಲ್ಲಿ ಇರುತ್ತೆ, ಕೆಲವು ಬೈಕಲ್ಲಿ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಲ್ಲೂ ಇರುತ್ತೆ. ನಮ್ಮಲ್ಲಿ ಓಡೋ ಸಾಮಾನ್ಯ ಬೈಕುಗಳಿಗೆ ಹೆಚ್ಚುಕಮ್ಮಿ 20ರಿಂದ 35 ಮಿಮೀ ಒಳಗೆ ಕೊಟ್ಟಿರ್ತಾರೆ, ಸೈಡ್ ಸ್ಟ್ಯಾಂಡಲ್ಲಿ ಅಳೀಬೇಕಾ ಸೆಂಟರ್ ಸ್ಟ್ಯಾಂಡಲ್ಲಾ ಅಂತ್ಲೂ ಬರೆದಿರ್ತಾರೆ, ಅದನ್ನ ಹಾಗೇ ಪಾಲಿಸಿ. ಎರಡು ಸ್ಪ್ರಾಕೆಟ್ ನಡುವೆ ಕೆಳಗಿನ ಚೈನಿನ ಮಧ್ಯಕ್ಕೆ ಸ್ಕೇಲ್ ಹಿಡಿದು, ಬೆರಳಲ್ಲಿ ಕೆಳಕ್ಕೆ ಒತ್ತಿ ಒಂದು ಅಳತೆ, ಮೇಲಕ್ಕೆ ಎತ್ತಿ ಒಂದು ಅಳತೆ, ಎರಡರ ನಡುವಿನ ಅಂತರವೇ ಸ್ಲಾಕ್. ಒಂದೇ ಜಾಗದಲ್ಲಿ ನೋಡಿ ಬಿಡ್ಬೇಡಿ, ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ, ಹಳೇ ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರಲ್ಲ, ಒಂದ್ಕಡೆ 30 ಇದ್ರೆ ಇನ್ನೊಂದ್ಕಡೆ 15 ಇರುತ್ತೆ. ಅತಿ ಬಿಗಿ ಇರೋ ಜಾಗವನ್ನ ಹಿಡಿದು ಅಡ್ಜಸ್ಟ್ ಮಾಡ್ಬೇಕು, ಲೂಸ್ ಜಾಗ ಹಿಡಿದು ಮಾಡಿದ್ರೆ ಬಿಗಿ ಜಾಗದಲ್ಲಿ ತಂತಿ ಥರ ಆಗುತ್ತೆ. ವ್ಯತ್ಯಾಸ ಇಷ್ಟೊಂದಿದ್ರೆ ಆ ಚೈನ್ ಬದಲಾಯಿಸೋದೇ ಸರಿ. ನಾನು ಕೊನೆಗೊಂದು ಪರೀಕ್ಷೆ ಮಾಡ್ತೀನಿ, ಇಬ್ರನ್ನ ಬೈಕ್ ಮೇಲೆ ಕೂರಿಸಿ ಮೂರನೆಯವ್ನಾಗಿ ಬಗ್ಗಿ ಚೈನ್ ಮುಟ್ಟಿ ನೋಡೋದು, ಆಗ್ಲೂ ಸ್ವಲ್ಪ ಅಲ್ಲಾಡ್ಬೇಕು.

ಅಡ್ಜಸ್ಟ್ ಮಾಡೋದು ಕಷ್ಟ ಏನಲ್ಲ. ಆಕ್ಸಲ್ ನಟ್ಟಿನ ಸ್ಪ್ಲಿಟ್ ಪಿನ್ ಇದ್ರೆ ತೆಗೆದು ನಟ್ ಲೂಸ್ ಮಾಡಿ, ಎರಡೂ ಕಡೆ ಅಡ್ಜಸ್ಟರ್ ನಟ್ಟನ್ನ ಕಾಲು ಸುತ್ತು ಕಾಲು ಸುತ್ತು ಸಮವಾಗಿ ತಿರುಗಿಸಿ. ಸ್ವಿಂಗ್ ಆರ್ಮ್ ಮೇಲಿನ ಗೆರೆ ಎರಡೂ ಕಡೆ ಒಂದೇ ಇರ್ಬೇಕು, ಅದರ ಜೊತೆಗೆ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಚೈನ್ ನೇರ ಓಡ್ತಿದೆಯಾ ನೋಡಿ, ಚಕ್ರ ಓರೆ ಕೂತ್ರೆ ಸ್ಪ್ರಾಕೆಟ್ ಹಲ್ಲಿನ ಒಂದು ಪಕ್ಕ ಮಾತ್ರ ಉಜ್ಜಿ ಹೊಳೀತಿರುತ್ತೆ. ಡ್ರಮ್ ಬ್ರೇಕ್ ಬೈಕಾದ್ರೆ ಚಕ್ರ ಹಿಂದಕ್ಕೆ ಸರಿದಾಗ ಬ್ರೇಕ್ ರಾಡೂ ಎಳೆದ್ಕೊಳ್ಳುತ್ತೆ, ಅದನ್ನ ಮತ್ತೆ ಸೆಟ್ ಮಾಡ್ಲೇಬೇಕು. ಆಕ್ಸಲ್ ನಟ್ ಪೂರ್ತಿ ಬಿಗಿದ ಮೇಲೆ ಇನ್ನೊಂದ್ಸಲ ಸ್ಲಾಕ್ ಅಳೆಯಿರಿ, ನಟ್ ಬಿಗಿಯುವಾಗ ಅಳತೆ ಬದಲಾಗಿರುತ್ತೆ. ಸ್ಪ್ಲಿಟ್ ಪಿನ್ ಹೊಸದು ಹಾಕಿ, ಚಕ್ರ ತಿರುಗಿಸಿ ಬ್ರೇಕ್ ಹಿಡ್ಕೊಂಡಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ಇನ್ನು ನನ್ನನ್ನ ಘಾಟಿಯಲ್ಲಿ ನಿಲ್ಸಿದ ಚೈನ್ ಲಾಕ್. ನಮ್ಮ ಸಾಮಾನ್ಯ ಬೈಕುಗಳ ಚೈನ್ ಜೋಡಿಸೋ ಕೊಂಡಿ ಮೇಲೆ ಮೀನಿನ ಆಕಾರದ ಒಂದು ತೆಳು ಕ್ಲಿಪ್ ಇರುತ್ತೆ, ಒಂದು ತುದಿ ಮುಚ್ಚಿ ದುಂಡಗಿರುತ್ತೆ, ಇನ್ನೊಂದು ತುದಿ ಸೀಳಿರುತ್ತೆ. ಆ ದುಂಡನೆ ತುದಿ ಚೈನ್ ಓಡೋ ದಿಕ್ಕಿಗೆ ಇರ್ಬೇಕು. ಲಾಕ್ ಮೇಲಿನ ಭಾಗದಲ್ಲಿದ್ದಾಗ ನೋಡಿ, ದುಂಡು ತುದಿ ಹೆಡ್‌ಲೈಟ್ ಕಡೆಗೆ, ಸೀಳು ಬಾಯಿ ಟೈಲ್‌ಲೈಟ್ ಕಡೆಗೆ. ಕೆಳಗಿನ ಭಾಗದಲ್ಲಿ ಅದು ತಿರುಗಾಮುರುಗಾ ಕಾಣುತ್ತೆ, ಅದಕ್ಕೇ ಗೊಂದಲ ಆಗೋದು. ಸೀಳು ಬಾಯಿ ಮುಂದಿದ್ರೆ ಕಲ್ಲೋ ಕಡ್ಡಿಯೋ ತಗುಲಿ ಕ್ಲಿಪ್ ಬಾಯಿ ಬಿಡುತ್ತೆ. ಕ್ಲಿಪ್ ಪಿನ್ನಿನ ಗ್ರೂವ್‌ಗೆ ಟಕ್ ಅಂತ ಕೂತಿದೆಯಾ, ಉಗುರಲ್ಲಿ ತಳ್ಳಿದ್ರೆ ಅಲ್ಲಾಡುತ್ತಾ ನೋಡಿ. ಚೈನ್ ಬಿಚ್ಚಿದಾಗೆಲ್ಲ ಹೊಸ ಲಾಕ್ ಹಾಕ್ಸಿ, ಅದಕ್ಕಾಗೋ ಖರ್ಚು ತುಂಬ ಸಣ್ಣದು. ದೂರ ಹೋಗೋರು ನಿಮ್ಮ ಚೈನ್ ನಂಬರಿಗೇ ಸರಿಯಾದ ಒಂದು ಲಾಕ್ ಮತ್ತೆ ಒಂದು ಕಟಿಂಗ್ ಪ್ಲೇಯರ್ ಸೀಟ್ ಕೆಳಗೆ ಇಟ್ಕೊಳ್ಳಿ. ಅವತ್ತು ನನ್ನ ಹತ್ರ ಇರ್ಲಿಲ್ಲ, ಕೊಟ್ಟಿಗೆಹಾರದಿಂದ ಒಬ್ರು ಲಾಕ್ ತಂದುಕೊಡೋವರೆಗೆ ಮಳೇಲಿ ಎರಡು ಗಂಟೆ ನಿಂತಿದ್ದೆ.

ಚೈನ್ ಯಾವಾಗ ಬದಲಾಯಿಸ್ಬೇಕು ಅನ್ನೋದಕ್ಕೆ ಕಿಮೀ ಲೆಕ್ಕ ನಂಬ್ಬೇಡಿ, ಅಳೆಯಿರಿ. ಚೈನ್ ಉದ್ದ ಆಯ್ತು ಅಂತೀವಲ್ಲ, ಕಬ್ಬಿಣ ಹಿಗ್ಗಿರಲ್ಲ, ಒಳಗಿನ ಪಿನ್ನು ಬುಶ್ಶು ಸವೆದಿರುತ್ತೆ. ಒಂದೊಂದು ಕೊಂಡಿಯಲ್ಲಿ 0.1 ಮಿಮೀ ಸವೆದ್ರೂ 118 ಕೊಂಡಿಯ ಚೈನಲ್ಲಿ ಒಟ್ಟು ಸುಮಾರು 12 ಮಿಮೀ ಆಯ್ತು, ಹತ್ತಿರ ಹತ್ತಿರ ಒಂದು ಕೊಂಡಿ ಉದ್ದ. 428 ನಂಬರಿನ ಚೈನಾದ್ರೆ ಪಿನ್ನಿಂದ ಪಿನ್ನಿಗೆ 12.7 ಮಿಮೀ, ಅಂದ್ರೆ ಬಿಗಿಯಾಗಿ ಎಳೆದು ಹಿಡಿದಾಗ 20 ಕೊಂಡಿಗೆ 254 ಮಿಮೀ ಇರ್ಬೇಕು, 259 ದಾಟಿದ್ರೆ ತೆಗೀರಿ. 520 ಚೈನಾದ್ರೆ 20 ಕೊಂಡಿಗೆ 317.5, ಅದು 324 ಹತ್ರ ಬಂದ್ರೆ ಮುಗೀತು. ಸ್ಕೇಲ್ ಇಲ್ದಿದ್ರೆ ಹಿಂದಿನ ಸ್ಪ್ರಾಕೆಟ್‌ನ ಅತಿ ಹಿಂದಿನ ಜಾಗದಲ್ಲಿ ಚೈನ್ ಹಿಡಿದು ಹಿಂದಕ್ಕೆ ಎಳೀರಿ, ಅರ್ಧ ಹಲ್ಲು ಕಾಣೋಷ್ಟು ಎದ್ದು ಬಂದ್ರೆ ಅದೂ ಸವೆದಿದೆ. ಮಡಚಿ ಬಿಟ್ಟ ಕೊಂಡಿ ನೆಟ್ಟಗಾಗ್ದೆ ಸೆಟ್ಕೊಂಡು ನಿಂತ್ರೆ, ಪ್ಲೇಟಲ್ಲಿ ಬಿರುಕಿದ್ರೆ, ರೋಲರ್ ಒಂದು ಉದುರಿದ್ರೆ, ಅಡ್ಜಸ್ಟರ್ ಕೊನೆಗೆ ಬಂದಿದ್ರೆ, ಒಂದು ಕೊಂಡಿ ಕಟ್ ಮಾಡಿಸಿ ಇನ್ನೊಂದಷ್ಟು ದಿನ ಓಡ್ಸೋಣ ಅನ್ನೋದು ಬೇಡ. ಬದಲಾಯಿಸುವಾಗ ಎರಡು ಸ್ಪ್ರಾಕೆಟ್ ಸೇರಿ ಪೂರ್ತಿ ಸೆಟ್ ಹಾಕ್ಸಿ, ಹಳೇ ಕೊಕ್ಕೆ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಸಾಯುತ್ತೆ.

ಫುಲ್ ಚೈನ್ ಕವರ್ ಇರೋ ಬೈಕಿನವ್ರು ಚೈನ್ ಇದೆ ಅನ್ನೋದನ್ನೇ ಮರೆತಿರ್ತಾರೆ. ಕವರ್ ಕೆಳಗಿನ ರಬ್ಬರ್ ಮುಚ್ಚಳ ತೆಗೆದು ತಿಂಗಳಿಗೊಂದ್ಸಲ ಬೆರಳು ಹಾಕಿ ಸ್ಲಾಕ್ ನೋಡಿ, ಸರ್ವಿಸಲ್ಲಿ ಕವರ್ ಬಿಚ್ಚಿಸಿ ನಿಮ್ಮೆದುರೇ ತೊಳೆಸಿ. ಕವರ್ ಇಲ್ದಿರೋ ಬೈಕಲ್ಲಿ ಅಮ್ಮನ್ನೋ ಅಕ್ಕನ್ನೋ ಕೂರಿಸ್ಕೊಳ್ಳುವಾಗ ಸೆರಗು, ವೇಲ್ ಎಲ್ಲಿದೆ ಅಂತ ನೋಡೇ ಗಾಡಿ ಎತ್ತಿ. ಹಿಂದೆ ಕೂರೋರ ಬಟ್ಟೆ ಸಿಗದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ದಂತೆ ಗಾರ್ಡ್ ಇರ್ಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲೇ ಇದೆ, ಲುಕ್ ಹಾಳಾಗುತ್ತೆ ಅಂತ ಸೀರೆ ಗಾರ್ಡ್ ಬಿಚ್ಚಿಸ್ಬೇಡಿ.

ಓಡುವಾಗ್ಲೇ ಕಟ್ಟಾದ್ರೆ ಮೊದ್ಲು ಆಕ್ಸಲರೇಟರ್ ಬಿಟ್ಟು ಕ್ಲಚ್ ಹಿಡೀರಿ, ಹ್ಯಾಂಡಲ್ ನೇರ ಇಟ್ಕೊಂಡು ಬ್ರೇಕ್ ಮೆಲ್ಲಗೆ ಒತ್ತುತ್ತಾ ಎಡಕ್ಕೆ ಬನ್ನಿ. ನಿಂತ ಮೇಲೆ ಇಂಜಿನ್ ಆಫ್ ಮಾಡಿ ಮುಂದಿನ ಸ್ಪ್ರಾಕೆಟ್ ಹತ್ರ ಕೇಸಿಂಗ್ ಒಡೆದಿದೆಯಾ, ಆಯಿಲ್ ತೊಟ್ಟಿಕ್ತಿದೆಯಾ ನೋಡಿ, ಸೋರ್ತಿದ್ರೆ ಲಾಕ್ ಹಾಕಿ ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ, ಗಾಡಿ ಸಾಗಿಸ್ಕೊಂಡೇ ಹೋಗಿ. ಸೋರಿಕೆ ಇಲ್ದೆ ಲಾಕ್ ಹಾಕಿದ್ರೂ ಮೂವತ್ತರ ಒಳಗೆ ಹತ್ತಿರದ ಗ್ಯಾರೇಜಿನವರೆಗೆ ಮಾತ್ರ. ಹೊಸ ಸೆಟ್ ಹಾಕಿಸಿದ ಮೇಲೆ ಮೊದಲ 500 ಕಿಮೀಗೆ ಚೈನ್ ಕೂತ್ಕೊಂಡು ಸ್ವಲ್ಪ ಲೂಸ್ ಆಗುತ್ತೆ, ಆಗ ಮತ್ತೊಮ್ಮೆ ಸ್ಲಾಕ್ ಅಳೆದು, ಅವತ್ತಿನ ಮೀಟರ್ ರೀಡಿಂಗನ್ನ ಸೀಟ್ ಕೆಳಗೆ ಒಂದು ಟೇಪ್ ಮೇಲೆ ಬರೆದಿಡಿ.