ನನ್ನ ಅನುಭವ: ಕಳೆನಾಶಕ ಬಿಟ್ಟೆವು, ಅಕ್ಕಡಿ ಮರಳಿತು

ತುಮಕೂರು ಸೀಮೆಯ ನಮ್ಮ ಎರಡೂವರೆ ಎಕರೆ ರಾಗಿ ಹೊಲಕ್ಕೆ ಕಳೆನಾಶಕ ಹೊಡೆಯುವುದನ್ನು ನಿಲ್ಲಿಸಿ ಐದು ವರ್ಷವಾಯಿತು. ‘ಎರಡು ಮಳೆಗಾಲ ಕಳೆಯಲಿ, ಡಬ್ಬ ಹುಡುಕಿಕೊಂಡು ಬರುತ್ತಾಳೆ’ ಎಂದಿದ್ದವರಲ್ಲಿ ನಾಲ್ವರು ಕಳೆದ ಸುಗ್ಗಿಯಲ್ಲಿ ನನ್ನ ಮನೆಯಿಂದಲೇ ಅವರೆ ಬೀಜ ಒಯ್ದರು.

ನಾವು ಹೊಡೆಯುತ್ತಿದ್ದ ಟೂ ಫೋರ್ ಡಿ ಎಂಬ ಕಳೆನಾಶಕ ರಾಗಿಯನ್ನು ಬಿಟ್ಟು ಅಗಲ ಎಲೆಯದನ್ನೆಲ್ಲ ಸುಡುತ್ತದೆ. ಗಂಡಸರು ಅದನ್ನು ಕಳೆ ಎಂದರು. ನನಗೆ ಅದು ಅಣ್ಣೆಸೊಪ್ಪು, ಗೋಣಿಸೊಪ್ಪು, ಗಣಿಕೆ. ಮಳೆಗಾಲದ ಎರಡು ತಿಂಗಳ ಸಾರು. ಜೊತೆಗೆ ಅಕ್ಕಡಿಯ, ಅಂದರೆ ರಾಗಿಯ ಸಾಲುಗಳ ನಡುನಡುವೆ ಬಿತ್ತುವ, ಅವರೆ, ತೊಗರಿ, ಅಲಸಂದೆಯೂ ಹೋದವು. ಬೆಂಬಲ ಬೆಲೆಗೆ ಮಾರಿದ ರಾಗಿಯ ಹಣ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಬೀಳುತ್ತದೆ. ಆಗ ನಮ್ಮಲ್ಲಿ ಅದು ಮಾವನವರ ಹೆಸರಾಗಿತ್ತು. ಸಂತೆಯಲ್ಲಿ ಮಾರಿದ ಅವರೆಕಾಯಿಯ ದುಡ್ಡೊಂದೇ ನನ್ನ ಸೆರಗಿನ ಗಂಟಿಗೆ ಬರುತ್ತಿದ್ದದ್ದು. ಒಂದು ಸಿಂಪಡಣೆ ಅದನ್ನೂ ತೆಗೆದಿತ್ತು.

ಮೊದಲ ವರ್ಷ ಸೋತೆ. ಔಷಧಿ ನಿಲ್ಲಿಸಿದೆನೇ ಹೊರತು ಕಳೆ ಕೀಳುವವರು ಯಾರೆಂದು ಯೋಚಿಸಿರಲಿಲ್ಲ. ಎರಡು ಸಲದ ಕಳೆಗೆ ಸುಮಾರು ಮೂವತ್ತೈದು ಹೆಣ್ಣಾಳು, ಇನ್ನೂರೈವತ್ತರ ಕೂಲಿಯಲ್ಲಿ ಒಂಬತ್ತು ಸಾವಿರದ ಹತ್ತಿರ. ಒಬ್ಬರ ಹೊಲಕ್ಕೊಬ್ಬರು ಕೂಲಿಯಿಲ್ಲದೆ ದುಡಿಯುವ ಮುಯ್ಯಾಳಿನ ದಿನಗಳು ಲೆಕ್ಕಕ್ಕೇ ಇಲ್ಲ. ಸಂಘದ ಸಭೆಗಳಲ್ಲಿ 1974ರಲ್ಲಿ ಹಿಮಾಲಯದ ರೇಣಿ ಊರಿನ ಹೆಂಗಸರೊಡನೆ ನಿಂತು ಮರ ಉಳಿಸಿದ ಚಿಪ್ಕೊ ಚಳವಳಿಯ ಗೌರಾದೇವಿಯವರ ಕಥೆ ಹೇಳುತ್ತಿದ್ದವಳು ನಾನು. ಒಂದು ಸಂಜೆ ಒರಗಿತ್ತಿ ಬದುವಿನ ಮೇಲೆ ಕುಳಿತು, ‘ಅಕ್ಕಾ, ನಿನ್ನ ಪರಿಸರವೆಲ್ಲ ನನ್ನ ಸೊಂಟದ ಮೇಲೆ ನಿಂತಿದೆ’ ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೆಯ ವರ್ಷ ಎರಡು ಸಾವಿರ ಚಿಲ್ಲರೆ ಕೊಟ್ಟು, ಸಾಲಿನ ನಡುವೆ ಕೈಯಲ್ಲಿ ತಳ್ಳಿ ಕಳೆ ತೆಗೆಯುವ ಸೈಕಲ್ ಕುಂಟೆ ತಂದೆ. ಸಾಲು ಹತ್ತಿರವಾಗಿದ್ದರಿಂದ ಅರ್ಧ ಎಕರೆ ಪೈರು ಬುಡಸಮೇತ ಕಿತ್ತುಬಂತು. ಮರುವರ್ಷ ಬಿತ್ತುವ ಕೂರಿಗೆಯ ತಾಳು ಬದಲಿಸಿ ಸಾಲಿಗೆ ಒಂದು ಅಡಿಗಿಂತ ತುಸು ಹೆಚ್ಚು ಬಿಟ್ಟೆ, ಎಂಟು ಸಾಲಿಗೊಂದು ಅಕ್ಕಡಿ. ಇನ್ನೊಂದು ಕಟ್ಟಳೆ ಮುರಿಯಬೇಕಾಯಿತು. ಕುಂಟೆ ಗಂಡಸಿನದು, ಕುಳಿತು ಕೀಳುವ ಕಳೆ ಹೆಂಗಸಿನದು. ಕೂಲಿಯೂ ಹಾಗೆಯೇ, ಗಂಡಸರಿಗೆ ನಾನೂರೈವತ್ತು. ನಾವು ಕುಂಟೆ ತಳ್ಳಿದೆವು, ಮನೆಯ ಗಂಡಸರನ್ನು ಸಾಲಿನಲ್ಲಿ ಕೂರಿಸಿದೆವು, ಇಬ್ಬರಿಗೂ ಒಂದೇ ಕೂಲಿ ಬರೆದೆವು. ನನ್ನ ಗಂಡ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಕುಡುಗೋಲು ಹಿಡಿದು ಬಂದರು. ಈಗ ಹದಿನಾಲ್ಕು ಹದಿನೈದು ಆಳಿಗೆ ಕೆಲಸ ಮುಗಿಯುತ್ತದೆ. ನಮ್ಮ ಹೋಬಳಿಯಲ್ಲಿ ಇಷ್ಟು ಕಡಿಮೆ ಆಳಿನಲ್ಲಿ ಔಷಧಿಯಿಲ್ಲದೆ ರಾಗಿ ತೆಗೆದವರನ್ನು ನಾನು ಕಂಡಿಲ್ಲ.

ಆ ಮೂರನೆಯ ವರ್ಷವೇ ಪಕ್ಕದ ಹೊಲದ ಸಿಂಪಡಣೆ ಗಾಳಿಗೆ ಬಂದು ಅವರೆಯ ಕುಡಿ ಮುರುಟಿತು. ಆರು ಸಾವಿರದಷ್ಟು ನಷ್ಟ. ಆ ಬದಿಗೆ ಈಗ ಜೋಳವನ್ನು ಒತ್ತಾಗಿ ಹಾಕುತ್ತೇನೆ. ದಾರಿಯ ಕಡೆಗೆ ಹುಚ್ಚೆಳ್ಳು: ದನ ಮುಟ್ಟುವುದಿಲ್ಲ, ಜೇನು ಮುತ್ತುತ್ತದೆ. ಬೀಜಕ್ಕೆ ಬೂದಿಯೋ ಹೊಂಗೆ ಎಲೆಯೋ ಎಂದು ಎರಡು ಮಡಕೆಯಲ್ಲಿಟ್ಟು ನೋಡಿದೆ. ಎಲೆಯ ಮಡಕೆಗೆ ಯುಗಾದಿಯ ಹೊತ್ತಿಗೆ ಹುಳು ಬಿತ್ತು, ಬೂದಿಯದು ಉಳಿಯಿತು. ಬೂದಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಅತ್ತೆ ಹೇಳಿಕೊಟ್ಟದ್ದು. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಮಾತ್ರ ತೋರಿಸುತ್ತೇನೆ.

ರಾಗಿ ಎಕರೆಗೆ ಒಂದೂವರೆ ಕ್ವಿಂಟಾಲ್ ಕಡಿಮೆಯಾಗಿದೆ, ಮುಚ್ಚಿಡುವುದಿಲ್ಲ. ಅಕ್ಕಡಿಯಿಂದ ಕಳೆದ ವರ್ಷ ಇಪ್ಪತ್ತೆರಡು ಸಾವಿರದ ಆಸುಪಾಸು ಬಂತು. ಒರಗಿತ್ತಿಗೂ ನನಗೂ ಸಮಪಾಲು. ಒಂದೂಕಾಲು ಎಕರೆಯ ಪಹಣಿ ಈ ಬೇಸಿಗೆಯಲ್ಲಿ ನನ್ನ ಹೆಸರಿಗಾಯಿತು. ಒರಗಿತ್ತಿಯ ಪಾಲಿನ ಅರ್ಜಿ ಇನ್ನೂ ಕಚೇರಿಯಲ್ಲಿದೆ. ಸೋಮವಾರ ಇಬ್ಬರೂ ಮತ್ತೆ ಹೋಗುತ್ತೇವೆ.